ಪ್ರೇಮಕುಮಾರಿಯವರ ನಾಲೆ

ಪ್ರೇಮಕುಮಾರಿಯವರ ಬಾಯಿಂದ ‘ನಾನು’ ಎಂಬ ಮಾತು ಹೊರಡುತ್ತಲೇ ಇರಲಿಲ್ಲ. ಹೊಳೆನರಸೀಪುರದ ನೀರಾವರಿ ಕಚೇರಿಯಲ್ಲಿ ಒಬ್ಬರೇ ಕೂತು ಮೂರು ವಾರ ಹೆಣಗಿ ಮುಗಿಸಿದ ನಕ್ಷೆಯನ್ನೂ ‘ನಾವು ಮಾಡಿದ್ದು’ ಎಂದೇ ಮುಂದಿಡುತ್ತಿದ್ದರು. ತಲೆನೋವು ಬಂದರೂ ‘ನಮಗೆ ಸ್ವಲ್ಪ ಹುಷಾರಿಲ್ಲ’. ಸೀರೆಯ ಮೇಲೆ ಗಂಡಸರ ಕಂದು ಕೋಟು ತೊಟ್ಟು, ಅದರ ಜೇಬುಗಳಲ್ಲಿ ಟೇಪು, ಪೆನ್ಸಿಲು, ಹುರಿಗಡಲೆ ತುಂಬಿಕೊಂಡು, ನಾಲೆಯ ಏರಿಯ ಮೇಲೆ ಬಿರಬಿರನೆ ನಡೆದು, ಇದ್ದಕ್ಕಿದ್ದಂತೆ ನಿಂತು ನೆಲವನ್ನೇ ದಿಟ್ಟಿಸುವ ಈ ಹೆಂಗಸನ್ನು ಕಂಡು, ಏನೋ ಕಳೆದುಕೊಂಡಿದ್ದಾರೆಂದು ಗದ್ದೆಯವರು ತಾವೂ ಹುಡುಕಲು ಬರುತ್ತಿದ್ದರಂತೆ.

ಆ ‘ನಾವು’ ಬರಿಯ ವಿನಯವಾಗಿರಲಿಲ್ಲ. ಅರಕಲಗೂಡಿನ ಮೇಷ್ಟರ ಮಗಳು, ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ ತರಗತಿಯಲ್ಲಿದ್ದ ಇಬ್ಬರೇ ಹುಡುಗಿಯರಲ್ಲಿ ಒಬ್ಬರು. ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾದರೂ ಅವರು ಬರೆದ ನಕ್ಷೆಗಳ ಕೆಳಗೆ ಬೇರೆಯವರ ರುಜುವೇ ಬೀಳುತ್ತಿತ್ತು. ಆಸ್ಟ್ರೇಲಿಯಾಕ್ಕೆ ಇಂಜಿನಿಯರುಗಳು ಬೇಕಾಗಿದ್ದಾರೆಂದು ೧೯೯೯ರಲ್ಲಿ ಪತ್ರಿಕೆಯಲ್ಲಿ ಓದಿದಾಗ ಅವರು ಯಾರಿಗೂ ಹೇಳದೆ ಅರ್ಜಿ ತರಿಸಿಕೊಂಡರು. ತಮ್ಮ ವೃತ್ತಿಯ ಮೂರು ಕೆಲಸಗಳನ್ನು ವಿವರವಾಗಿ ಬರೆದು ಕಳಿಸಬೇಕಿತ್ತು. ಕಳಿಸಿದ್ದು ಎರಡು ತಿಂಗಳಿಗೆ ಹಿಂದಿರುಗಿತು: ತಂಡ ಏನು ಮಾಡಿತೆಂದು ಕೇಳಿಲ್ಲ, ನೀವು ಏನು ಮಾಡಿದಿರಿ ಬರೆಯಿರಿ.

ಎರಡನ್ನು ಹೇಗೋ ತಿದ್ದಿದರು. ಮೂರನೆಯದರಲ್ಲಿ ಕೈ ತಡೆಯಿತು. ಹಿಂದೊಮ್ಮೆ ಏರಿ ಬಸಿಯತೊಡಗಿದಾಗ ಎಲ್ಲರೂ ಒದ್ದೆಯಾದ ಜಾಗವನ್ನೇ ನೋಡುತ್ತಿದ್ದರೆ, ಗದ್ದೆಗಳಿಗೆ ನೀರು ತಿರುಗಿಸುವ ನೀರುಗಂಟಿ ಚಂದ್ರಯ್ಯ ಬರಿಗಾಲಲ್ಲಿ ನಡೆದು, ನೀರು ಬರುವ ದಿಕ್ಕಿಗೆ ನಲವತ್ತು ಹೆಜ್ಜೆ ಮೇಲಕ್ಕೆ, ಒಣಗಿದಂತೆ ಕಂಡರೂ ಅಂಗಾಲಿಗೆ ತಣ್ಣಗೆ ತಾಗುವ ಮಣ್ಣನ್ನು ತೋರಿಸಿದ್ದ. ಅಲ್ಲಿ ಅಗೆಸಿ, ಜೇಡಿಮಣ್ಣು ಬಿಗಿದು ಏರಿಯನ್ನು ಉಳಿಸಿದ್ದು ಪ್ರೇಮಕುಮಾರಿ. ಅವರು ಕಾಗದ ಹಿಡಿದು ನಾಲೆಗೇ ಹೋದರು.

“ಚಂದ್ರಯ್ಯ, ಇದನ್ನ ನಾನೊಬ್ಬಳೇ ಮಾಡಿದೆ ಅಂತ ಬರೀಬೇಕಂತೆ. ಕೈ ಬರ್ತಿಲ್ಲ.”

“ಬರ್ಕೊಳವ್ವ. ಜಾಗ ತೋರ್ಸಿದ್ದು ನಾನು, ನೀರ್ ನಿಲ್ಸಿದ್ದು ನೀನು. ನಾನೇನು ಇಮಾನ ಅತ್ತಬೇಕಾ?”

“ಸುಳ್ಳಾಗುತ್ತಲ್ಲ?”

“ಅಂಗಾರೆ ನನ್ನೆಸ್ರೂ ಆಕು. ಓದ್ದೋರು ಏನ್ ಬೇಕಾರ ಅಂದ್ಕೊಳ್ಳಿ.”

ಹಾಗೆಯೇ ಬರೆದರು: ನೀರುಗಂಟಿ ಚಂದ್ರಯ್ಯ ತೋರಿಸಿದ ಸ್ಥಳದಲ್ಲಿ ನಾನು ಅಗೆಸಿದೆ. ಅದು ಒಪ್ಪಿಗೆಯಾಯಿತು.

೨೦೦೧ರಲ್ಲಿ ಮೆಲ್ಬೋರ್ನಿನಲ್ಲಿ ಇಳಿದ ಮೇಲೆ ಎಂಬತ್ತೇಳು ಅರ್ಜಿ ಹಾಕಿದರು. ಸೌಜನ್ಯದ ಉತ್ತರಗಳೇ ಎಲ್ಲ. ಆದರೆ ಎಲ್ಲದರಲ್ಲೂ ಇಲ್ಲಿಯ ಅನುಭವವಿಲ್ಲವೆಂಬ ಒಂದೇ ಕೊರತೆ. ಇಲ್ಲಿ ಕೆಲಸ ಕೊಡದೆ ಇಲ್ಲಿಯ ಅನುಭವವನ್ನು ಎಲ್ಲಿಂದ ತರುವುದು? ಹೊಟ್ಟೆಪಾಡಿಗೆ ತರಕಾರಿಯ ಶೆಡ್ಡೊಂದರಲ್ಲಿ ಕ್ಯಾರೆಟ್ ಆರಿಸಿದರು. ಅಲ್ಲಿಯ ಶೀತಕ್ಕೆ ಬೆರಳುಗಳು ಮರಗಟ್ಟುತ್ತಿದ್ದವು. ಭಾನುವಾರ ಪಾರ್ಕಿನ ತೊರೆಯ ಬಳಿ ಕೂತು, ಎಲೆ ತೇಲಿಬಿಟ್ಟು, ಗಡಿಯಾರ ನೋಡಿ ನೀರಿನ ವೇಗವನ್ನು ಗುಣಿಸುತ್ತಿದ್ದರು. ವಿದ್ಯೆ ಮರೆತುಹೋದೀತೆಂಬ ಭಯ.

ಒಂದೂವರೆ ವರ್ಷದ ಮೇಲೆ ನಾಲೆಯ ನೀರಿನಿಂದಲೇ ಬೇಸಾಯ ನಡೆಯುವ ದೂರದ ಊರೊಂದರಿಂದ ಕರೆ ಬಂತು. ಸಂದರ್ಶನ ಮುಗಿದ ಮೇಲೆ ಅಧಿಕಾರಿ ಅವರನ್ನು ಬಸಿಯುತ್ತಿದ್ದ ಒಂದು ಏರಿಗೆ ಕರೆದೊಯ್ದ. ಚಳಿ ಇನ್ನೂ ಬಿಡದ ಆ ಬೆಳಗ್ಗೆ ಪ್ರೇಮಕುಮಾರಿ ಬೂಟು ಕಳಚಿ, ಬರಿಗಾಲಲ್ಲಿ ಮೇಲಕ್ಕೆ ನಡೆದು, ಒಂದೆಡೆ ನಿಂತು, ಇಲ್ಲಿ ಅಗೆಸಿ ಎಂದರು. ಅಗೆದಾಗ ಗುದ್ದಲಿಯ ಹಿಂದೆಯೇ ನೀರು ಬಂತು. ಮರುವಾರ ನೇಮಕದ ಪತ್ರವೂ ಬಂತು.

ಅಂದೇ ಹೊಳೆನರಸೀಪುರದ ಕಚೇರಿಗೆ ಫೋನು ಮಾಡಿ ಚಂದ್ರಯ್ಯನನ್ನು ಕರೆಸಿದರು.

“ಕೆಲಸ ಸಿಕ್ತು, ಚಂದ್ರಯ್ಯ.”

“ಅಲ್ಲೂ ನೀರು ಇಂಗೇ ಬಸೀತದಾ ಅವ್ವ?”

“ಇಂಗೇ,” ಎಂದರು ಪ್ರೇಮಕುಮಾರಿ.

ಊರು ಬಿಡುವ ಮುಂಚೆ ಅವರು ಕಡೆಯದಾಗಿ ಗೆರೆ ಎಳೆದದ್ದು ಅರಕಲಗೂಡಿನ ಕಡೆಯ ಒಂದು ಕಿರುನಾಲೆಗೆ. ಅದು ಮುಗಿದು ನೀರು ಹರಿದದ್ದು ಅವರು ಹೋದ ಮೇಲೆ. ಆಸ್ಟ್ರೇಲಿಯಾದಲ್ಲಿ ಅವರಿಗೆ ರಜೆ ಸಿಗುವುದು ಚಳಿಗಾಲಕ್ಕೆ ಅಲ್ಲಿಯ ನಾಲೆಗಳು ಮುಚ್ಚಿರುವ ಜೂನ್, ಜುಲೈಯಲ್ಲಿ. ಇಲ್ಲಿ ಹೇಮಾವತಿ ತುಂಬಿ ನೀರು ಬಿಡುವುದು ಅದರ ನಂತರ. ಮೂರು ಸಲ ಬಂದರು, ಮೂರು ಸಲವೂ ಒಣ ನಾಲೆಯೊಳಗೆ ಇಳಿದು ನಡೆದರು. ಕಳೆದ ಸಲದ ನೀರು ಗೋಡೆಯ ಮೇಲೆ ಬಿಟ್ಟುಹೋದ ಕಲೆಯ ಮೇಲೆ ಅಂಗೈಯಿಟ್ಟು, ತಾವು ನಕ್ಷೆಯಲ್ಲಿ ಬರೆದ ಎತ್ತರಕ್ಕೇ ನಿಂತಿತ್ತೆಂದು ತಿಳಿದುಕೊಂಡರು. ೨೦೦೮ರಲ್ಲಿ ರಜೆಯನ್ನು ಆದಷ್ಟೂ ಎಳೆದರು. ಗುರುವಾರ ನೀರು ಬಿಡುವುದೆಂದಾಯಿತು. ಅವರ ವಿಮಾನ ಮಂಗಳವಾರ.

“ಇನ್ನೆರಡು ದಿನ ನಿಂತ್ಕಳವ್ವ,” ಎಂದ ಚಂದ್ರಯ್ಯ.

“ಅಲ್ಲೂ ತೂಬು ಎತ್ತೋ ಹೊತ್ತು. ಅಲ್ಲಿ ಗದ್ದೆಯವರೂ ಕಾಯ್ತಿರ್ತಾರೆ,” ಎಂದು ಹೊರಟರು.

ದೂರದೇಶಕ್ಕೆ ಹೋದವರೆಲ್ಲ ಊಟವನ್ನೋ ಮಾತನ್ನೋ ನೆನೆದು ಮರುಗುತ್ತಾರೆ. ಆದರೆ ಕಸುಬಿನ ಮರ್ಯಾದೆಗಾಗಿ ಹೋದವರ ಹಂಬಲದ ಜಾತಿಯೇ ಬೇರೆ. ತಮ್ಮ ಕೈಯ ಕೆಲಸ ತಾವಿಲ್ಲದೆಯೂ ಸರಿಯಾಗಿ ನಡೆಯುತ್ತಿದೆಯೆಂಬ ಸಂತೋಷವೇ ಅವರನ್ನು ಒಳಗೊಳಗೆ ಸುಡುತ್ತದೆ. ಅಂಥವರು ಯಾವ ದೇಶದಲ್ಲಿದ್ದರೂ ಯಾರದೋ ಹೊಲಕ್ಕೆ ನೀರು ಮುಟ್ಟಿಸುತ್ತಾರೆ. ತಮ್ಮ ನೆಲದಲ್ಲಿ ತಾವು ಹರಿಸಿದ ನೀರನ್ನು ಮಾತ್ರ ಇನ್ನೊಬ್ಬರ ಬಾಯಲ್ಲಿ ಕೇಳಿ ತಿಳಿಯುತ್ತಾರೆ.