ಮೈಕ್ ಮೇಡಂ ಬಾಯಿ ಮುಚ್ಚಿಕೊಂಡ ದಿನ

ದೋಣಿ ಪಂದ್ಯದ ಕಾಲುವೆಯ ದಡದಲ್ಲಿ ಮೈಕ್ ಮೇಡಂ ಎಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ನೊರೆನೀರಿನ ಅಬ್ಬರವನ್ನೂ ಮೀರಿಸುವ ಗಂಟಲು ಅವಳದು. ಶಿಷ್ಯರು ಕಯಾಕ್ ಇಳಿಸಿದರೆ ಸಾಕು, ಈ ಕೋಚಮ್ಮ ದಡದುದ್ದಕ್ಕೂ ಓಡುತ್ತ, ತಾನೇ ದೋಣಿಯಲ್ಲಿ ಕುಳಿತವಳಂತೆ ಸೊಂಟ ಬಳುಕಿಸುತ್ತ, ಎಡಕ್ಕೆ ಒತ್ತು, ಈಗ ತಿರುಗು ಎಂದು ಬಾಯಿ ಬಡಿದುಕೊಳ್ಳುವಳು. ಎದುರು ಬಂದವರು ದಾರಿ ಬಿಡಬೇಕು, ಇಲ್ಲವೇ ನೀರಿಗೆ ಬೀಳಬೇಕು.

ಹಿಂದೆ ಒಲಿಂಪಿಕ್ಸ್‌ನಲ್ಲಿ ಅವಳು ಸಮಯ ಉಳಿಸಲೆಂದು ದೋಣಿಯನ್ನು ಗಿರ್ರನೆ ತಿರುಗಿಸಿ ಒಂದು ಗೇಟನ್ನು ಹಿಮ್ಮುಖವಾಗಿ ದಾಟಲು ಹೋಗಿ, ತೂಗುಬಿಟ್ಟ ಎರಡು ಕೋಲುಗಳ ನಡುವೆ ಹಾಯದೆ ಪಕ್ಕದಿಂದ ಜಾರಿಹೋಗಿದ್ದಳು. ಗೇಟು ತಪ್ಪಿದ್ದಕ್ಕೆ ಐವತ್ತು ಸೆಕೆಂಡಿನ ದಂಡ. ಪದಕದ ಆಸೆಗೆ ಅಲ್ಲೇ ಎಳ್ಳುನೀರು ಬಿಟ್ಟಂತಾಯಿತು. ಅಂದಿನಿಂದ ಹಿಮ್ಮುಖ ಎಂದರೆ ಅವಳಿಗೆ ಮೈಯೆಲ್ಲ ಉರಿ. ಶಿಷ್ಯರು ಅದರ ಸುದ್ದಿಯನ್ನೂ ಎತ್ತುವಂತಿರಲಿಲ್ಲ.

ಇಂದು ತಂಡದ ಆಯ್ಕೆಯ ಕೊನೆಯ ಸುತ್ತು. ಒಲಿಂಪಿಕ್ಸ್‌ಗೆ ಇರುವುದು ಒಂದೇ ಸ್ಥಾನ. ಅವಳ ಅಣ್ಣನ ಮಗಳು ಪುಟ್ಟಿ ಗೆದ್ದರೆ ಹೋಗುತ್ತಾಳೆ, ಸೋತರೆ ಇನ್ನು ನಾಲ್ಕು ವರ್ಷ ಕಾಯಬೇಕು. ಹೆಲ್ಮೆಟ್ ಬಿಗಿದುಕೊಳ್ಳುತ್ತ ಪುಟ್ಟಿ ಮೆಲ್ಲಗೆ ಹೇಳಿದಳು:

"ಅತ್ತೆ, ಇವತ್ತು ಓಡ್ಬೇಡ, ಕೂಗ್ಬೇಡ. ನಿನ್ ದನಿ ಕೇಳಿದ್ರೆ ನನ್ ಕೈ ನಿನ್ ಮಾತೇ ಕೇಳುತ್ತೆ, ನೀರಿನ ಮಾತು ಕೇಳಲ್ಲ."

ಅತ್ತೆಗೆ ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಅರಚಿ ಬೆಳೆಸಿದ್ದಕ್ಕೆ ಇದಾ ಬಹುಮಾನ ಎಂದು ಗೊಣಗಿದಳು. ಆದರೂ ಕೊನೆಯ ಗೇಟುಗಳ ಬಳಿ ಕುರ್ಚಿ ಹಾಕಿಸಿಕೊಂಡು, ಟವೆಲಿನ ತುದಿ ಕಚ್ಚಿಕೊಂಡು ಕುಳಿತಳು. ಅವಳು ಸುಮ್ಮನಿರುವುದನ್ನು ಕಂಡು ತೀರ್ಪುಗಾರರೊಬ್ಬರು, ಹುಷಾರಿಲ್ಲವೇ ಎಂದು ವಿಚಾರಿಸಿ ಹೋದರು.

ಪುಟ್ಟಿ ಬಂದಳು. ಮೇಲಿನ ಗೇಟುಗಳನ್ನೆಲ್ಲ ಅಚ್ಚುಕಟ್ಟಾಗಿ ದಾಟಿದ್ದರೂ ಮೊದಲ ಸ್ಥಾನದವಳಿಗಿಂತ ತುಸು ಹಿಂದಿದ್ದಾಳೆ ಎಂದು ಧ್ವನಿವರ್ಧಕ ಹೇಳುತ್ತಿತ್ತು. ಅತ್ತೆಯ ಎದುರಿನ ಗೇಟಿಗೆ ಬರುತ್ತಿದ್ದಂತೆ ದೋಣಿಯ ಮೂತಿ ಹಿಂದಕ್ಕೆ ತಿರುಗತೊಡಗಿತು. ಅದೇ ಹಾಳು ಹಿಮ್ಮುಖ. ಬೇಡ ಎಂಬ ಕೂಗು ಗಂಟಲವರೆಗೆ ಬಂದೇಬಿಟ್ಟಿತು. ಟವೆಲ್ ಇನ್ನಷ್ಟು ಒಳಹೋಯಿತು. ಹುಡುಗಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೋಲುಗಳ ನಡುವೆ ಹಿಂದುಹಿಂದಾಗಿ ಜಾರಿ, ಮತ್ತೆ ತಿರುಗಿ, ಗುರಿ ಮುಟ್ಟಿದಳು. ಫಲಕದಲ್ಲಿ ಅವಳ ಹೆಸರು ಮೊದಲ ಸ್ಥಾನಕ್ಕೇರಿತು.

ಅತ್ತೆ ಶೂ ಸಮೇತ ಮಂಡಿಯುದ್ದ ನೀರಿಗಿಳಿದು ದೋಣಿ ಹಿಡಿದಳು.

"ಬಾಯಿ ಬಿಟ್ಟಿದ್ರೆ ಅಲ್ಲಿ ಏನಂತ ಕೂಗ್ತಿದ್ದೆ ಅತ್ತೆ?" ಪುಟ್ಟಿ ಏದುಸಿರು ಬಿಡುತ್ತ ಕೇಳಿದಳು.

"ಬೇಡ ಅಂತ."

"ಕೂಗಿದ್ದಿದ್ರೆ ನಿಲ್ಲಿಸಿಬಿಡ್ತಿದ್ದೆ."

ಅದು ಅತ್ತೆಗೂ ಗೊತ್ತಿತ್ತು. ಆ ಗೇಟನ್ನು ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗಿದವಳು ತಾನು; ಹುಡುಗಿಗೆ ಅದು ಬರೀ ಎರಡು ಕೋಲು. ಎಲ್ಲಿ ಕಲಿತೆ ಎಂದು ಕೇಳಿದಳು.

"ನೀನು ಟೀ ಕುಡಿಯೋಕೆ ಹೋದಾಗೆಲ್ಲ."

ಅತ್ತೆ ಅವಳ ಹೆಲ್ಮೆಟ್‌ಗೆ ಒಂದು ಮೊಟಕಿದಳು. "ಹಾಗಾದ್ರೆ ನಾಳೆಯಿಂದ ಟೀ ಬಂದ್. ನಂಗೂ ಒಂದು ದೋಣಿ ಇಳ್ಸು, ಹೇಗೆ ತಿರುಗಿಸ್ದೆ ಅಂತ ಹೇಳ್ಕೊಡು."