ಎಂಟನೇ ನರದ ಸ್ಟಾಪು

ನಕಲು ಹೊಡೆಯುವವರನ್ನು ಮೂಸಿ ಹಿಡಿಯುವುದರಲ್ಲಿ ಶೈಲಜಾ ಮೇಡಮ್ಮಿಗೆ ಬಳ್ಳಾರಿಯ ನರ್ಸಿಂಗ್ ಕಾಲೇಜುಗಳಲ್ಲೇ ಸಾಟಿಯಿಲ್ಲ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಪರೀಕ್ಷೆಯ ದಿನ ಬಳೆ ಸರಿಸಿ ನೋಡುವಳು, ಜಡೆ ಬಿಚ್ಚಿಸುವಳು, ನೀರಿನ ಬಾಟಲಿಗೆ ಅಂಟಿಸಿದ ಕಾಗದವನ್ನೂ ಉಗುರಿನಿಂದ ಕೆರೆದು ನೋಡುವಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎನ್ನುವುದು ಆಕೆಯ ಬಾಯಲ್ಲಿ ಸದಾ ಇರುವ ಮಾತು. ಅಂಥವಳ ಕೈಗೇ ಆ ಮೂರು ಪೇಪರು ಬಂದವು.

ಅನಾಟಮಿಯ ಕಿರುಪರೀಕ್ಷೆ. ಮಿದುಳಿನಿಂದ ಹೊರಡುವ ಹನ್ನೆರಡು ನರಗಳನ್ನು ಕ್ರಮವಾಗಿ ಬರೆದು, ಒಂದೊಂದರ ಕೆಲಸ ಹೇಳಬೇಕಿತ್ತು. ದುರ್ಗಾದೇವಿ, ಮೌನಿಕಾ, ನೀಲಾವತಿ ಮೂವರೂ ಸಿರುಗುಪ್ಪದಿಂದ ದಿನಾ ಬಸ್ಸಿಗೆ ಬರುವವರು, ಹಿಂದಿನ ಪರೀಕ್ಷೆಯಲ್ಲಿ ಮೂವರೂ ಮಕಾಡೆ ಮಲಗಿದವರು. ಈ ಸಲ ಮುತ್ತು ಪೋಣಿಸಿದ ಹಾಗೆ ಬರೆದಿದ್ದರು. ಆದರೆ ಏಳನೆಯದಾದ ಮೇಲೆ ಮೂವರೂ ಒಂಬತ್ತನೆಯದಕ್ಕೆ ಹಾರಿದ್ದರು. ಕೊನೆಯ ಸಾಲು ಮೂವರದೂ ಖಾಲಿ. ಬೇರೆ ಬೇರೆ ಕೋಣೆಯಲ್ಲಿ ಕೂತವರಿಗೆ ಒಂದೇ ತಪ್ಪು ಒಂದೇ ಜಾಗದಲ್ಲಿ ಹೇಗೆ ಬಂತು? ಚೀಟಿ ಒಂದೇ ಇರಬೇಕು. ಬರೆದುಕೊಟ್ಟವನು ಎಂಟನೆಯದನ್ನು ಮರೆತಿರಬೇಕು.

ದುರ್ಗಾದೇವಿಯನ್ನು ಸ್ಟಾಫ್ ರೂಮಿಗೆ ಕರೆಸಿ ಎಲ್ಲಿ ಓದಿದೆ ಎಂದು ಕೇಳಿದಳು. ಹುಡುಗಿ ನೆಲ ನೋಡಿತು.

"ಬಸ್ಸಿನ್ಯಾಗ ಓದೀವ್ರಿ ಮೇಡಮ್."

ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಅನಾಟಮಿಯ ಪುಸ್ತಕ ಬಿಚ್ಚುವುದೆಂದರೆ! ಹೇಗೆ ಎಂದು ಗದರಿದ್ದಕ್ಕೆ ಆಕೆ, ಹೇಳಿದರೆ ನೀವು ನಗುತ್ತೀರಿ ಎಂದಷ್ಟೇ ಹೇಳಿ ದುಪಟ್ಟಾದ ತುದಿ ತಿರುಚತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದುಕೊಂಡ ಶೈಲಜಾ ನೇರವಾಗಿ ಪ್ರಿನ್ಸಿಪಾಲ್ ಮರಿಬಸಪ್ಪನವರ ಬಳಿ ಹೋಗಿ, ಇದು ನಕಲೇ, ಅನುಮಾನವೇ ಬೇಡ ಎಂದಳು. ಹಾಗಾದರೆ ಮೂವರನ್ನೂ ವಾರ್ಷಿಕ ಪರೀಕ್ಷೆಗೆ ಕೂಡಿಸುವುದಿಲ್ಲ, ಮನೆಯವರಿಗೆ ತಿಳಿಸುತ್ತೇನೆ ಎಂದರು ಅವರು.

ಹೊರಗೆ ಬಂದಾಗ ದುರ್ಗಾದೇವಿಯ ಅಪ್ಪ ಮೂಕಪ್ಪನ ನೆನಪಾಯಿತು. ಅಡ್ಮಿಷನ್ ದಿನ ಆತ ಇವಳೆದುರಿಗೇ ಮಗಳಿಗೆ ಹೇಳಿದ್ದ, ಕಾಲೇಜಿನಿಂದ ಒಂದು ಕೆಟ್ಟ ಮಾತು ಬಂದರೆ ಅವತ್ತಿಗೆ ಓದು ಬಂದ್, ಮುಂದಿನ ಲಗ್ನಕ್ಕೆ ಹಸೆಮಣೆ ಎಂದು.  ಮಾಡಿದ್ದುಣ್ಣೋ ಮಹರಾಯ ಎಂದು ಆ ನೆನಪನ್ನು ಅಲ್ಲೇ ಅದುಮಿದಳು.

ಸಾಲದ್ದಕ್ಕೆ, ಈ ಕಳ್ಳಸಂತೆಯ ಬುಡ ಹಿಡಿಯದೆ ಬಿಡಬಾರದೆಂದು ಆ ಸಂಜೆ ಪಾರ್ವತಿನಗರದ ಮನೆಗೆ ಹೋಗದೆ, ಕುರುಗೋಡು ಸುತ್ತಿ ಹೋಗುವ ಸಿರುಗುಪ್ಪ ಬಸ್ಸು ಹತ್ತಿದಳು. ಕುರುಗೋಡಿಗೆ ಟಿಕೆಟ್ ಕೊಂಡು, ಮುಖದ ಮೇಲೆ ಸೆರಗೆಳೆದು ಹಿಂದೆ ಕೂತಳು. ಮೂವರು ಹುಡುಗಿಯರು ನಡುವೆ ಕಂಬ ಹಿಡಿದು ನಿಂತಿದ್ದರು.

ಬಸ್ಸು ಹೊರಡುವ ಮೊದಲೇ ದುರ್ಗಾದೇವಿ ನಾಲಿಗೆಯ ತುದಿ ಹೊರಹಾಕಿ ಏನೋ ಗೊಣಗಿದಳು. ಮುಂದಿನ ಸ್ಟಾಪಿನಲ್ಲಿ ಮೂವರೂ ಒಟ್ಟಿಗೆ ಹೆಗಲು ಕುಣಿಸಿದರು. ಸನ್ನೆ! ಶೈಲಜಾ ಸೀಟಿನ ಮರೆಯಲ್ಲಿ ಫೋನು ಹಿಡಿದು ವಿಡಿಯೊ ಮಾಡತೊಡಗಿದಳು. ಸಂಗನಕಲ್ಲು ಕ್ರಾಸಿನಲ್ಲಿ ಬಸ್ಸು ನಿಂತಾಗ ಮೌನಿಕಾ ರಸ್ತೆಗೆ ಅಡ್ಡ ಬಂದ ಕುರಿಗಳನ್ನು ತೋರಿಸಿ, "ಹತ್ತು, ವೇಗಸ್, ಎದಿಯಿಂದ ಹೊಟ್ಟಿತನಕ ಅಡ್ಡಾಡೋ ನರ," ಎಂದಳು. ಮುಂದೆ ನೀರಿನ ಟ್ಯಾಂಕಿನ ಬಳಿ ನೀಲಾವತಿ ಗಂಟಲು ಮುಟ್ಟಿಕೊಂಡು ಒಂಬತ್ತು ಎಂದಳು.

ಶೈಲಜಾಳ ಫೋನು ತಾನಾಗಿ ಕೆಳಗಿಳಿಯಿತು. ನಾಲಿಗೆ ಹನ್ನೆರಡು, ಹೆಗಲು ಹನ್ನೊಂದು. ಬೆಳಿಗ್ಗೆ ಬರುವಾಗ ಒಂದರಿಂದ, ಸಂಜೆ ಹೋಗುವಾಗ ಹಿಂದುಮುಂದಾಗಿ, ಒಂದೊಂದು ಸ್ಟಾಪಿಗೆ ಒಂದೊಂದು ನರವನ್ನು ಕಟ್ಟಿಹಾಕಿದ್ದರು ಇವರು. ಮುಂದೆ ಕುರುಗೋಡು, ಅಲ್ಲಿನ ಗುಡಿಯ ದೊಡ್ಡ ಬಸವಣ್ಣನ ಮುಖ, ಅದು ಏಳನೆಯದು, ಮುಖದ ನರ. ಹಾಗಾದರೆ ಎಂಟು ಎಲ್ಲಿ?

ಬಸ್ಸು ಡಾಂಬರು ರಸ್ತೆ ಬಿಟ್ಟು ಕಾಲುವೆಯ ದಂಡೆಗಿಳಿಯಿತು. ಹುಡುಗಿಯರು ಮಾತಿಲ್ಲದೆ ನಿಂತರು. ಇತ್ತ ಯಾಕೆ ಹೋಗುತ್ತಿದೆ ಎಂದು ಶೈಲಜಾ ಕಂಡಕ್ಟರ್ ಹುಲುಗಪ್ಪನನ್ನು ಕೇಳಿದಳು.

"ಅಕ್ಕಿ ಮಿಲ್ಲಿನ ಸ್ಟಾಪ್ ಬಂದ್ ಐತ್ರಿ. ರಸ್ತಿ ಅಗದಾರ, ಗಾಡಿ ಆ ಕಡಿ ಹೋಗಂಗಿಲ್ಲ."

ಅಕ್ಕಿ ಮಿಲ್ಲು. ಪಕ್ಕದವರ ಮಾತೂ ಕೇಳದಷ್ಟು ಗದ್ದಲದ ಜಾಗ. ಎಂಟನೆಯದು ಕಿವಿಯ ನರ.

ಶೈಲಜಾ ಎದ್ದು ಮುಖದ ಮೇಲಿನ ಸೆರಗು ಸರಿಸಿದಳು. ಮೂವರ ಮುಖವೂ ಬಿಳಿಚಿಕೊಂಡಿತು. ಎಂಟನೆಯದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದಳು, ಈಗ ಗದರುವ ದನಿ ಇರಲಿಲ್ಲ.

"ಬಸ್ ನಿಂತ್ರನಾ ಹೇಳ್ಬೇಕು ಅಂತ ಆಟದ ಕಟ್ಟಳಿ ಮಾಡ್ಕೊಂಡಿದ್ವಿರಿ," ಎಂದಳು ದುರ್ಗಾದೇವಿ. "ಅದು ನಿಲ್ಲೋದು ಬಿಡ್ತು, ನಾವು ಹೇಳೋದು ಬಿಟ್ವಿ. ಪರೀಕ್ಷಾದಾಗ ಹನ್ನೊಂದಾ ಆದ್ವು ಅಂತ ಗೊತ್ತಾತು, ಎಲ್ಲಿ ತಪ್ಪಿತು ಅಂತ ಗೊತ್ತಾಗಲಿಲ್ರಿ."

ಶೈಲಜಾ ನಿಂತಲ್ಲಿಂದಲೇ ಪ್ರಿನ್ಸಿಪಾಲರಿಗೆ ಫೋನು ಹಚ್ಚಿ, ನಕಲಲ್ಲ ಸರ್, ನನ್ನದೇ ತಪ್ಪು ಎಂದಳು. ಮರಿಬಸಪ್ಪನವರು, ಆಗಲಿ, ಪರೀಕ್ಷೆಗೆ ಕೂಡಲಿ, ಆದರೆ ಮೂಕಪ್ಪನಿಗೆ ಆಗಲೇ ಹೇಳಿಯಾಯಿತಲ್ಲ ಎಂದರು. ಉಳಿದಿಬ್ಬರ ಮನೆಯ ಫೋನು ಹತ್ತಿರಲಿಲ್ಲವಂತೆ. ಮೂಕಪ್ಪನಿಗೆ ಹೇಳಿಬಿಟ್ಟಿರಾ ಎಂಬ ಉದ್ಗಾರ ಶೈಲಜಾಳ ಬಾಯಿಂದ ಜಾರಿತು.

ದುರ್ಗಾದೇವಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಕಂಬಕ್ಕೆ ಹಣೆ ಹಚ್ಚಿ ಅತ್ತಳು. ಮೌನಿಕಾ ಅವಳ ಬೆನ್ನ ಮೇಲೆ ಕೈಯಿಟ್ಟು ಮೇಡಮ್ಮನ್ನೇ ದಿಟ್ಟಿಸಿದಳು. ಆ ನೋಟವನ್ನು ಶೈಲಜಾ ಚೆನ್ನಾಗಿ ಬಲ್ಲಳು, ಇಷ್ಟು ವರ್ಷ ಹುಡುಗಿಯರನ್ನು ಹಾಗೆ ನೋಡುತ್ತಿದ್ದವಳು ತಾನೇ.

ಕುರುಗೋಡು ಬಂತು. ಇಳಿಯಿರಿ ಎಂದ ಹುಲುಗಪ್ಪ.

"ಸಿರುಗುಪ್ಪಕ್ಕೊಂದು ಟಿಕೆಟ್ ಕೊಡ್ರಿ," ಎಂದಳು ಶೈಲಜಾ.

ಕತ್ತಲಾಗುತ್ತಿತ್ತು. ಮೂಕಪ್ಪನಿಗೆ ಏನು ಹೇಳುವುದು? ಆಡಲು ಹೋದರೆ ಮಾತೆಲ್ಲ ಸುತ್ತಿ ಬಳಸಿ ಹುಡುಗಿಯರ ತಪ್ಪಿಗೇ ಬಂದು ನಿಲ್ಲುತ್ತಿತ್ತು, ಅಭ್ಯಾಸಬಲ. ಕೊನೆಗೆ ಒಂದೇ ವಾಕ್ಯ ಇಟ್ಟುಕೊಂಡಳು. ಬಸ್ಸು ನಿಂತಲ್ಲೆಲ್ಲ ತುಟಿಯೊಳಗೇ ಅದನ್ನು ಬಾಯಿಪಾಠ ಮಾಡಿದಳು.

ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಮಿರ್ಚಿ ಬಂಡಿಯ ಪಕ್ಕದಲ್ಲಿ ಮೂಕಪ್ಪ ಕೈಕಟ್ಟಿ ನಿಂತಿದ್ದ. ದುರ್ಗಾದೇವಿ ಮೆಟ್ಟಿಲ ಬಳಿ ಬಂದವಳು ಹಿಂಜರಿದಳು. ಶೈಲಜಾ ಅವಳನ್ನು ದಾಟಿ ಮೊದಲು ಇಳಿದಳು.

"ನಿಮ್ಮ ಮಗಳು ಕದ್ದು ಬರದಿಲ್ರಿ," ಎಂದಳು. "ಸುಳ್ಳು ಹೇಳಿದಾಕಿ ನಾನು."