ಅಳಿಯಂದಿರು ಬೆಸೆದ ಕೇಬಲ್

ಅಪ್ಪನ ಸೋಲ್ಡರಿಂಗ್ ಐರನ್ ಮುಟ್ಟುವ ಹಕ್ಕು ಮನೆಯಲ್ಲಿ ನನಗೊಬ್ಬಳಿಗೇ ಇತ್ತು. ಈ ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ತಂಗಿಯ ಗಂಡನ ಕೈಗೆ ಕೊಟ್ಟ. ಮದುವೆಯಾಗಿ ಆರು ತಿಂಗಳಾಗಿಲ್ಲ! ನನಗೆ ಹೊಟ್ಟೆ ಉರಿದುಹೋಯಿತು.

ಅಪ್ಪನ ಹಳೇ ಹೋಮ್ ಕಂಪ್ಯೂಟರ್‌ನಲ್ಲಿದ್ದ ಪ್ರೋಗ್ರಾಮುಗಳನ್ನು ಪಿಸಿಗೆ ಸಾಗಿಸಲು ಸೀರಿಯಲ್ ಕೇಬಲ್ ಬೇಕಿತ್ತು. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ಅಂದರೆ ಎರಡನೇ ಪಿನ್ ಮೂರಕ್ಕೆ, ಮೂರನೆಯದು ಎರಡಕ್ಕೆ. ಅಳಿಯಂದಿರು ಎರಡನ್ನು ಎರಡಕ್ಕೆ, ಮೂರನ್ನು ಮೂರಕ್ಕೆ ನೇರವಾಗಿ ಬೆಸೆದರು. ನನಗೆ ಕಂಡಿತು. ಒದ್ದಾಡಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ.

ಒದ್ದಾಡಿದರು. ಪ್ಲಗ್ ಅಲ್ಲಾಡಿಸಿದರು, ಸೆಟ್ಟಿಂಗ್ ಬದಲಿಸಿದರು, ಮೂರು ಸಲ ಟೀ ಕುಡಿದರು. ನಡುವೆ, ಪಕ್ಕದಲ್ಲೇ ಕೂತಿದ್ದ ಅಪ್ಪ ತನ್ನ ಮೊದಲ ಕೆಲಸ ಹೋದ ಕಥೆ ಹೇಳಿ ಬಿದ್ದು ಬಿದ್ದು ನಕ್ಕ. ಆ ಕಥೆಯನ್ನು ನಾನೇ ಕೇಳಿರಲಿಲ್ಲ.

ಸಂಜೆ ತಡೆಯಲಾರದೆ ಕೇಬಲ್ ಕಿತ್ತುಕೊಂಡೆ. ಹತ್ತೇ ನಿಮಿಷದಲ್ಲಿ ತಂತಿಗಳನ್ನು ಅದಲುಬದಲು ಮಾಡಿದೆ. ಪಿಸಿಯ ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. "ಅಕ್ಕ, ನಿಮ್ಮ ಕೈಗೆ ದೊಡ್ಡ ನಮಸ್ಕಾರ," ಎಂದು ಅಳಿಯಂದಿರು ಒಳಗೆ ಹೋದರು.

"ಬೆಳಿಗ್ಗೆನೇ ಆ ತಪ್ಪು ನೋಡಿದ್ದೆ ಅಪ್ಪ," ಅಂದೆ.

"ನಾನೂ ನೋಡಿದ್ದೆ ಕಣಮ್ಮ. ಅಳಿಯಂದ್ರು ನನ್ ಜೊತೇಲಿ ಕೂತಿದ್ರಲ್ಲ ಅಂತ ಸುಮ್ನಿದ್ದೆ."

"ನನ್ ಜೊತೆ ಯಾವತ್ತಾದ್ರೂ ಇಷ್ಟೊತ್ತು ಕೂತಿದ್ದೀಯಾ?"

"ನಿಂದು ಮೊದಲ್ನೇ ಸಲಕ್ಕೇ ಸರಿಯಾಗ್ಬಿಡ್ತಿತ್ತಲ್ಲ," ಎಂದು ಅಪ್ಪ ಎದ್ದು ಅಳಿಯನ ಹಿಂದೆ ಹೋದ.